ಚಾವಿ ಯಾರೂ ಕೊಡಾಕತ್ತಿಲ್ಲ

"ಮಷಿನ್ ಬಂದ್ ಮಾಡು!"

ಗದ್ಲದಾಗ ಮೊದಲ ನಂಗ ಕೇಳ್ಲಿಲ್ಲ. ತಿರುಗಿ ನೋಡ್ತೀನಿ, ಬಾಗಲದಾಗ ಮನಿ ಅಕ್ಕೋರು ನಿಂತಾರ. ನೆಲದ ತುಂಬ ಪಾಲಿಶಿನ ರಾಡಿ, ಅದಕ್ಕ ಒಂದು ಕೈಲೆ ಸೀರಿ ಮ್ಯಾಲೆತ್ತಿ ಹಿಡದಾರ. ಇನ್ನೊಂದು ಕೈಯಾಗ ಫೋನು. ಹಿಂದ ಅವರ ತಮ್ಮ. ಇವರು ಈ ಚಿತ್ತಾಪುರದ ಮನಿ ನಂಗ ಬಿಟ್ಟು ಗುಂಡಗುರ್ತಿಗಿ ತವರಮನಿಗಿ ಹೋಗಿದ್ರು, ನೆಲ ಒಣಗಿದ ಮ್ಯಾಲ ಬರ್ತೀನಿ ಅಂದಿದ್ರು. ಕೆಲಸ ಇನ್ನಾ ಅರ್ಧಾನೂ ಆಗಿಲ್ಲ, ಬಂದು ನಿಂತಾರ.

ಸ್ವಿಚ್ ಆರಿಸಿದೆ.

"ಇದು ನೀನೇ ಹೌದಿಲ್ಲೋ?" ಅಂತ ಫೋನು ಮುಂದ ಹಿಡದ್ರು.

ಫೋಟೋ ನಂದೇ. ಪಾಲಿಶ್ ಮಷಿನ್ ಹಿಡ್ಕೊಂಡು ನಕ್ಕೋತ ನಿಂತೀನಿ. ಕೆಳಗ ನನ್ನ ನಂಬರ್. ನಂಬರ್ ಕೆಳಗ ಏನೋ ಉದ್ದಕ ಬರದಾರ. ನಾ ಓದೋದು ನಿಧಾನ. ಅವರ ತಮ್ಮಗ ತಡಕೊಳ್ಳಾಕ ಆಗ್ಲಿಲ್ಲ, ತಾನೇ ಜೋರಾಗಿ ಓದಿದ.

"ಈ ಪಾಲಿಶ್ ಹುಡುಗ ಕಳ್ಳ ಇದ್ದಾನ. ಚಾವಿ ಕೊಟ್ರ ಬಂಗಾರ ಮಾಯ. ಯಾರೂ ಮನಿಯಾಗ ಬಿಟ್ಕೋಬ್ಯಾಡ್ರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲಾ ಗ್ರೂಪಿಗೂ ಕಳಸ್ರಿ."

"ಅಕ್ಕೋರೇ, ಇದು ಸುಳ್ಳು," ಅಂದೆ.

"ನಾ ಏನೂ ಅನ್ನಾಕತ್ತಿಲ್ಲ ತಮ್ಮಾ," ಅಂದ್ರು. ಭಾಳ ಮೆತ್ತಗ ಅಂದ್ರು. "ಖರೇನೋ ಸುಳ್ಳೋ ದೇವರಿಗೇ ಗೊತ್ತು. ನೀ ಚಾವಿ ಕೊಟ್ಬಿಡು ಅಷ್ಟೇ."

ಬೈದಿದ್ರ ನಾನೂ ಬೈತಿದ್ದೆ. ಮೆತ್ತಗ ಅಂದವರಿಗೆ ಏನಂತೀರಿ? ಕಿಸೆದಾಗಿನ ಚಾವಿ ತಗದು ಕೊಟ್ಟೆ. ಕೈಗಿ ರಾಡಿ ಹತ್ತಿತ್ತು, ಅವರು ಸೆರಗಿಲೆ ಹಿಡ್ಕೊಂಡ್ರು. ನಾನೂ ನನ್ನ ಕೂಡ ಕೆಲಸ ಮಾಡೋ ಜೋಡಿದಾರನೂ ಮಷಿನ್ ಆಟೋದಾಗ ಏರಿಸಿದ್ವಿ. ಅರ್ಧ ನೆಲ ಮಿಂಚಾಕತ್ತಿತ್ತು, ಅರ್ಧ ಹಂಗೇ ಮಬ್ಬು. ಬಿಟ್ಟು ಬಂದ್ವಿ.

ನಮ್ಮ ಕೆಲಸ ಏನಂತ ಹೇಳ್ತೀನಿ, ಇಲ್ಲಂದ್ರ ಚಾವಿದು ತಿಳಿಯಂಗಿಲ್ಲ. ನಾನು ಶಹಾಬಾದದವ. ನಮ್ಮ ಕಡಿ ಫರ್ಸಿ ಕಲ್ಲು ಭೂಮ್ಯಾಗ ಸಿಗ್ತದ, ಮನಿಮನಿಗಿ ಅದೇ ನೆಲ. ಆ ನೆಲ ತಿಕ್ಕಿ ನುಣುಪು ಮಾಡೋದು ನಮ್ಮ ಕೆಲಸ. ನೀರು ಹಾಕಿ ತಿಕ್ಕಬೇಕು. ಮನಿ ತುಂಬ ರಾಡಿ ಆಗ್ತದ, ಯಾರೂ ಮನ್ಯಾಗ ಇರಾಕ ಬರಂಗಿಲ್ಲ. ಅದಕ್ಕ ಮನಿಯವರು ಸಾಮಾನೆಲ್ಲ ಒಂದು ಖೋಲಿಗಿ ತುಂಬಿ, ಚಾವಿ ನಮ್ಮ ಕೈಯಾಗ ಕೊಟ್ಟು, ಬೀಗರ ಮನಿಗಿ ಹೋಗ್ತಾರ. ಹಿಂದಿಲಿಂದ ಹಿಂಗೇ ನಡದದ. ಯಾರಿಗಿ ಚಾವಿ ಕೊಡ್ತಾರೋ ಅವನಿಗೇ ಕೆಲಸ. ಚಲೋ ತಿಕ್ಕಾವರು ಬೇಕಾದಷ್ಟು ಮಂದಿ ಅದಾರ. ಚಾವಿ ಎಲ್ಲರ ಕೈಯಾಗ ಕೊಡಂಗಿಲ್ಲ.

ಮೆಸೇಜ್ ಹಾಕಿದವ ಯಾರಂತ ನಂಗ ಫೋಟೋ ನೋಡಿದ ಕೂಡ್ಲೇ ಗೊತ್ತಾಯ್ತು. ಸೇಡಂದಾಗ ಒಂದು ಹೊಸಾ ಕಾಲೋನಿ ಅದ. ಅಲ್ಲಿ ಒಬ್ಬ ಮಾಲಕನ ಮನಿ ನೆಲ ತಿಕ್ಕಿದ್ದೆ. ಕೆಲಸ ಮುಗದ ಮ್ಯಾಲ ಅವ ಫೋನ್ ಮಾಡಿ, "ನಮ್ಮ ಮನಿಯಾಕಿ ಝುಮಕಿ ಕಾಣವಲ್ವು, ಎಲ್ಲಿಟ್ಟೀ?" ಅಂದ. "ಯಣ್ಣಾ, ನಾ ಆ ಖೋಲಿ ಬಾಗಲಾನೇ ತಗದಿಲ್ಲ, ಪೊಲೀಸರ್ನ ಕರಿ, ನಾನೇ ಬರ್ತೀನಿ" ಅಂದೆ. ಅವ ಪೊಲೀಸರ್ನ ಕರೀಲಿಲ್ಲ. ಗ್ರೂಪಿಗಿ ಹಾಕಿದ. ಫೋಟೋ ಎಲ್ಲಿಂದ ಬಂತು ಅಂದ್ರ, ನಾನೇ ಕೊಟ್ಟಿದ್ದು. ಕೆಲಸ ಚಲೋ ಅನಿಸಿದ್ರ ನಾಕ್ ಮಂದಿಗಿ ಹೇಳಣ್ಣಾ ಅಂತ ನನ್ನ ಫೋಟೋ, ನಂಬರ್ ಅವನಿಗೆ ಕಳಿಸಿದ್ದೆ. ಅವ ನಾಕ್ ಮಂದಿಗಿ ಹೇಳಿದ.

ಅವತ್ತೇ ಫೋನ್ ಮಾಡಿ ಕೇಳಿದೆ.

"ಹೌದು, ನಾನೇ ಹಾಕೀನಿ. ಏನ್ ಕಿತ್ಕೋತೀ ಕಿತ್ಕೋ," ಅಂದ.

ನನ್ನ ಫೋನಿನಾಗ ಮಾತಾಡಿದ್ದೆಲ್ಲ ತಾನಾಗೇ ರೆಕಾರ್ಡ್ ಆಗ್ತದ. ಅದು ಕುಂತಿತ್ತು. ಆ ಕಾಲೋನಿ ಗ್ರೂಪಿನಾಗ ಒಬ್ಬ ಲೈಟಿನ ಕೆಲಸದವ ಇದ್ದ, ನನ್ನ ಜೋಡಿದಾರನ ದೋಸ್ತ. ಅವ ಗ್ರೂಪಿನ ಸ್ಕ್ರೀನ್ ಫೋಟೋ ಹೊಡದು ಕಳಿಸಿದ. ಮಾಲಕನ ಹೆಸರು, ಟೈಮು, ಕೆಳಗ ಮಂದಿ ಬೈದಿದ್ದು, ಎಲ್ಲಾ ಕಾಣ್ತಿತ್ತು.

ಅದು ತಗೊಂಡು ಪೊಲೀಸ್ ಠಾಣೆಗಿ ಹೋದ್ವಿ. ಸಾಹೇಬರು ಕುಂದ್ರಸ್ಕೊಂಡು ಕೇಳಿದ್ರು.

"ನೋಡಪಾ, ಹೆಸರು ಕೆಡಿಸಿದ್ದು ಅಂದ್ರ ನಾವು ಸೀದಾ ಹೋಗಿ ಹಿಡ್ಕೊಂಡು ಬರೋ ಕೇಸ್ ಅಲ್ಲ. ಕಾನೂನೇ ಹಂಗದ. ಅರ್ಜಿ ಕೊಡು, ಬರಕೊಂಡು ಹಿಂಬರಹ ಕೊಡ್ತೀನಿ. ನೀನೇ ವಕೀಲರ್ನ ಹಿಡದು ಕೋರ್ಟಿನಾಗ ಹಾಕ್ಬೇಕು."

"ಬಡವರಿಗಿ ವಕೀಲ ಯಾರ್ ಬರ್ತಾರ್ರಿ ಸಾಹೇಬ?" ಅಂದ ಜೋಡಿದಾರ.

"ಕೋರ್ಟಿನಾಗ ಪುಗಸಟ್ಟೆ ವಕೀಲರ್ನ ಕೊಡ್ತಾರ, ಹೋಗಿ ಕೇಳ್ರಿ." ಆಮ್ಯಾಲ ನನ್ನ ಫೋನಿನ ಮ್ಯಾಲ ಬೆರಳಿಟ್ಟು ಅಂದ್ರು, "ಇದ್ರಾಗಿಂದು ಒಂದೂ ಅಳಸಬ್ಯಾಡ. ತಿಳೀತಾ?"

ತಿಳೀತ್ರಿ ಅಂದೆ. ಖರೇನೇ ತಿಳಿದಿತ್ತು.

ಕೋರ್ಟಿಗಿ ಹೋಗೋಕಿಂತ ಮೊದಲ ದೊಡ್ಡ ಮೇಸ್ತ್ರಿಗಿ ಹೇಳ್ಬೇಕಾಯ್ತು. ಶಹಾಬಾದದಾಗ ನಂಗ ಕೆಲಸ ಕಲಿಸಿದವ್ರು ಅವ್ರು. ಮಷಿನ್ ಕೊಡಿಸಿದವ್ರೂ ಅವ್ರೇ. ಸೇಡಂನಿಂದ ಚಿಂಚೋಳಿ ತನಕ ಫರ್ಸಿ ಕೆಲಸದವರ ನಡುವ ಏನರ ತಂಟಿ ಬಂದ್ರ ಅವ್ರೇ ಕುಂತು ಬಗೆಹರಿಸ್ತಾರ.

"ಕೋರ್ಟಿಗ್ಯಾಕ ಹೋಗ್ತಿ ಮಗನಾ," ಅಂದ್ರು. "ಅಲ್ಲಿ ನಿನ್ನ ಗಡ್ಡ ಬೆಳ್ಳಗಾಗ್ತದ. ಬೈಠಕ್ ಮಾಡಾಮು. ಎದುರು ಬದುರು ಕುಂತ್ರ ಎಲ್ಲಾ ಮುಗೀತದ."

ಸೇಡಂದಾಗ ಒಂದು ಚಾದಂಗಡಿ ಹಿಂದಿನ ಖೋಲ್ಯಾಗ ಬೈಠಕ್ ಆಯ್ತು. ಆ ಮಾಲಕ ಬಂದ. ಬಂದವನೇ ಮಾರಿ ಕೆಳಗ ಹಾಕಿದ. ಯಾಕಂದ್ರ ಝುಮಕಿ ಸಿಕ್ಕಿದ್ದವು. ಅವನ ಹೆಂಡತಿ ಚಿಂಚೋಳಿ ತವರಮನ್ಯಾಗ ಬಿಚ್ಚಿಟ್ಟು ಮರತು ಬಂದಿದ್ಳು.

"ಗಡಬಡಿಯಾಗ ತಪ್ಪಾಯ್ತು ತಮ್ಮಾ," ಅಂದ.

"ನಿಂದು ಗಡಬಡಿ, ಇವಂದು ಬದುಕು," ಅಂದ ನನ್ನ ಜೋಡಿದಾರ.

"ಲೇ, ನೀ ಬಾಯಿ ಮುಚ್ಚು," ಅಂದ್ರು ಮೇಸ್ತ್ರಿ. "ತಪ್ಪಾಯ್ತು ಅಂದಾನ. ಇನ್ನೇನು, ಕಾಲು ಹಿಡೀಬೇಕಾ?"

ನಮ್ಮ ಬೈಠಕ್ಕಿನಾಗ ಒಂದು ರಿವಾಜ್ ಅದ. ಫೈಸಲಾ ಆದ ಮ್ಯಾಲ ಎರಡೂ ಕಡಿಯವರು ಏನೂ ಇಟ್ಕೋಬಾರ್ದು. ಹಿಂದ ಚೀಟಿ ಇದ್ರ ಚೀಟಿ ಹರೀತಿದ್ರು. ಮುರದ ಕಲ್ಲು ಸಾಕ್ಷಿ ಅಂತ ತಂದಿದ್ರ ಅದನ್ನ ಅಲ್ಲೇ ಒಗದು ಬರ್ತಿದ್ರು. ಆಮ್ಯಾಲ ಒಬ್ಬರ ಬಾಯಾಗ ಒಬ್ಬರು ಸಕ್ಕರಿ ಹಾಕ್ಬೇಕು. ಮತ್ತ ಅದೇ ಮಾತು ಯಾವನು ಎತ್ತುತಾನೋ ಅವನ ಜೋಡಿ ಕೆಲಸಕ್ಕ ಯಾರೂ ಕೂಡಂಗಿಲ್ಲ.

ಮೇಸ್ತ್ರಿ ತಮ್ಮ ಟವೆಲ್ ಹಾಸಿದ್ರು. "ಫೋನ್ ಇಡ್ರಿ ಇದ್ರ ಮ್ಯಾಲ. ನೀ ಅಳಸು. ಇವನೂ ಅಳಸ್ತಾನ."

ಮಾಲಕ ಎಲ್ಲರಿಗೂ ತೋರಿಸಿ ಗ್ರೂಪಿನಾಗಿನ ಮೆಸೇಜ್ ಅಳಿಸಿದ. ನಾವೆಲ್ಲಾ ಬಗ್ಗಿ ನೋಡಿದ್ವಿ. ಹೋಯ್ತು.

"ಈಗ ನಿಂದು," ಅಂದ್ರು ನಂಗ.

"ಸಾಹೇಬರು ಅಳಸಬ್ಯಾಡ ಅಂದಾರ್ರಿ," ಅಂದೆ.

"ಸಾಹೇಬ ನಾಳಿ ಬ್ಯಾರೇ ಊರಿಗಿ ಹೋಗ್ತಾನ. ನಾ ಇಲ್ಲೇ ಇರ್ತೀನಿ. ಅವ ಅಳಸಿ ನೀ ಇಟ್ಕೊಂಡ್ರ ಏನರ್ಥ? ನಿನ್ನ ಎದಿಯಾಗ ಇನ್ನಾ ವಿಷ ಅದ ಅಂತ ಅರ್ಥ."

ಎಲ್ಲರೂ ನನ್ನೇ ನೋಡಾಕತ್ತಿದ್ರು. ಸ್ಕ್ರೀನ್ ಫೋಟೋ ಅಳಿಸಿದೆ. ಅವನ ಮಾತಿನ ರೆಕಾರ್ಡ್ ಅಳಿಸಿದೆ. ಜೋಡಿದಾರನ ಫೋನಿನಾಗಿಂದೂ ಮೇಸ್ತ್ರಿ ಅಳಸಿಸಿದ್ರು. ಅವ ಅಳಸೋಮುಂದ ಮಾಲಕ ಬಗ್ಗಿ ನೋಡಿದ. ಅದನ್ನ ಕಳಿಸಿದ ಲೈಟಿನವನ ಹೆಸರು ಅಲ್ಲಿತ್ತು.

"ಝುಮಕಿ ಸಿಕ್ಕಾವ ಅಂತ ಗ್ರೂಪಿಗಿ ಒಂದು ಮಾತು ಹಾಕಣ್ಣಾ," ಅಂದೆ.

"ಹಾಕ್ತೀನಿ, ಹಾಕ್ತೀನಿ."

ಅವ ನನ್ನ ಬಾಯಾಗ ಸಕ್ಕರಿ ಹಾಕಿದ. ನಾ ಅವನ ಬಾಯಾಗ ಹಾಕಿದೆ. ಚಾ ಕುಡದು ಬಂದ್ವಿ.

ಅವ ಹಾಕ್ಲಿಲ್ಲ. ಫೋನ್ ಮಾಡಿ ಕೇಳಿದ್ರ, "ಹೆಂಡತಿ ಝುಮಕಿ ತವರಮನ್ಯಾಗ ಬಿಟ್ಟು ಬಂದ್ಳು ಅಂತ ಊರಿಗೆಲ್ಲಾ ಹ್ಯಾಂಗ ಬರೀಲೋ? ನಮ್ಮವ್ವಗ ಗೊತ್ತಾದ್ರ ಮನ್ಯಾಗ ಕುರುಕ್ಷೇತ್ರ ಆಗ್ತದ. ಅಳಸೀನಲ್ಲಾ, ಮುಗೀತಲ್ಲಾ" ಅಂದ.

ಮುಗೀಲಿಲ್ಲ. ಆಮ್ಯಾಲ ತಿಳೀತು, ಹಳೀ ಮೆಸೇಜ್ ಅಳಿಸಿದ್ರ ಅಳಿಸಿದವನ ಫೋನಿನಾಗಿಂದಷ್ಟೇ ಹೋಗ್ತದ ಅಂತ. ಉಳದವರ ಫೋನಿನಾಗ ಹಂಗೇ ಕುಂತಿರ್ತದ. ನಾವು ಅಷ್ಟು ಮಂದಿ ಬಗ್ಗಿ ನೋಡಿದ್ವಿ, ಒಬ್ಬಗೂ ಇದು ಗೊತ್ತಿರಲಿಲ್ಲ. ಅಂದ್ರ ಅವನ ಹೆಸರಿದ್ದ ಆ ಮೆಸೇಜ್ ಗ್ರೂಪಿನವರ ಎಲ್ಲರ ಹತ್ರ ಉಳೀತು. ನನ್ನ ಹತ್ರ ಮಾತ್ರ ಇಲ್ಲ.

ಅದು ಊರೂರು ತಿರಗಾಕತ್ತಿತು. ಚಿಂಚೋಳಿಯಾಗ ಕೊಟ್ಟ ಕೆಲಸ ಇತ್ತು, ಬ್ಯಾಡ ಅಂದ್ರು. ವಾಡಿಯಾಗಿಂದ ಒಬ್ಬ ಫೋನ್ ಮಾಡಿ, "ಯಪ್ಪಾ ಕಳ್ಳಪ್ಪಾ, ನಮ್ಮ ಮನ್ಯಾಗ ಒಂದು ಹಳೀ ಟಿವಿ ಅದ, ಒಯ್ತೀಯೇನು?" ಅಂತ ಕೇಳಿ ನಕ್ಕು ಇಟ್ಟ. ನಂಬರ್ ಬದಲಿ ಮಾಡಾಮು ಅಂದ್ರ ಗಿರಾಕಿಗಳ ಹತ್ರ ಇರೋದು ಇದೊಂದೇ ನಂಬರ್. ಯಾವನೋ ಒಬ್ಬ ಸುದ್ದಿ ಪೇಜಿನವ ನನ್ನ ಫೋಟೋದ ಸುತ್ತ ಕೆಂಪು ಗೆರಿ ಎಳದು, ಹಿಂದ ಸೈರನ್ ಬಾರಿಸಿ, ವಿಡಿಯೋ ಮಾಡಿ ಬಿಟ್ಟ. ಗಡಿ ಆಚಿ ಕಡಿ ತೆಲುಗಿನಾಗೂ ಬಂತು. ಸೇಡಂ ಬಸ್ಸಿನಾಗ ಒಬ್ಬ ಮುದುಕರು ಓದಿ ಅರ್ಥ ಹೇಳಿದ್ರು. ತೆಲುಗಿನಾಗ ನಾ ಒಬ್ಬ ಅಲ್ಲ, ಗ್ಯಾಂಗ್ ಅಂತ. ಬಿಳೀ ಗಾಡಿ ಬ್ಯಾರೇ ಇತ್ತಂತ ನಮ್ಮ ಹತ್ರ.

"ಬಿಳೀ ಗಾಡಿ ಕೊಟ್ಟಾರಲ್ಲಲೇ," ಅಂದ ಜೋಡಿದಾರ. "ಇಷ್ಟು ದಿನ ಮಷಿನ್ ಆಟೋದಾಗ ಹೊತ್ತಿದ್ದು ಸುಮ್ನ."

ಮುದುಕರು ಫೋಟೋ ನೋಡಿದ್ರು, ನನ್ನ ನೋಡಿದ್ರು. ಮುಂದಿನ ಸ್ಟಾಪಿಗಿ ಎದ್ದು ಬ್ಯಾರೇ ಸೀಟಿಗಿ ಹೋದ್ರು.

ಆಮ್ಯಾಲ ಚಿತ್ತಾಪುರ ಕೋರ್ಟಿಗಿ ಹೋದ್ವಿ. ಪುಗಸಟ್ಟೆ ವಕೀಲರು ಅಂದ್ರ ಹ್ಯಾಂಗೋ ಏನೋ ಅಂತಿದ್ದೆ. ಕೊಟ್ಟವ್ರು ಒಬ್ಬ ವಕೀಲಮ್ಮ. ಚಲೋ ಕೇಳ್ಕೊಂಡ್ರು.

"ಗಾಬರಿ ಆಗಬ್ಯಾಡ. ನಿನಗ ಅನ್ಯಾಯ ಆಗ್ಯಾದ, ಕೇಸ್ ಹಾಕ್ಲಿಕ್ಕೂ ಬರ್ತದ. ಮೊದಲು ಬರದದ್ದು ಯಾರು, ಯಾವಾಗ ಬರದ, ಓದಿದವ್ರು ಯಾರು, ಇದು ಕೋರ್ಟಿಗೆ ತೋರಿಸ್ಬೇಕು. ತಗಿ, ಮೆಸೇಜ್ ತೋರಿಸು."

ನಾ ಫಾರ್ವರ್ಡ್ ಆಗಿ ಬಂದಿದ್ದು ತೋರಿಸಿದೆ.

"ಇದ್ರಾಗ ಬರದವನ ಹೆಸರಿಲ್ಲ. ಯಾರ್ ಯಾರ ಕೈ ದಾಟಿ ಬಂದದ. ಮೊದಲಿಂದು ಎಲ್ಲಿ?"

"ಅಳಿಸೀನ್ರಿ."

"ರೆಕಾರ್ಡಿಂಗ್ ಇತ್ತು ಅಂದಿ?"

"ಅದೂ ಅಳಿಸೀನ್ರಿ."

ಪೆನ್ನು ಕೆಳಗಿಟ್ರು. "ಮತ್ತ ನಿನ್ನ ಕೈಯಾಗ ಏನದನಪಾ?"

"ಬಾಯಾಗ ಸಕ್ಕರಿ ಅದ ನೋಡ್ರಿ," ಅಂದ ಜೋಡಿದಾರ. ಅವರಿಗೆ ನಗು ಬಂತು, ತಡಕೊಂಡ್ರು. ನಂಗ ಬರ್ಲಿಲ್ಲ.

ಬೈಠಕ್ಕಿಂದು ಎಲ್ಲಾ ಹೇಳಿದೆ. ಅವರು ಬೈಲಿಲ್ಲ. "ಇನ್ನಾ ದಾರಿ ಅದ" ಅಂದ್ರು. ಆ ಗ್ರೂಪಿನವರ ಫೋನಿನಾಗ ಅದು ಇದ್ದೇ ಇರ್ತದ. ಒಬ್ಬರರ ಮುಂದ ಬಂದು, ಇದು ನನ್ನ ಫೋನಿನಾಗಿಂದು ಅಂತ ಸಹಿ ಮಾಡಿ ಕೊಟ್ಟು, ಕೋರ್ಟಿನಾಗ ಹೇಳ್ಬೇಕು. ಅದನ್ನ ಓದಿ ಕೆಲಸ ಬಿಡಿಸಿದವರು ಒಬ್ಬರು ಸಾಕ್ಷಿ ಹೇಳ್ಬೇಕು. ಬೈಠಕ್ಕಿನಾಗ ಅವ ಒಪ್ಪಿಕೊಂಡಿದ್ದು ಕೇಳಿದವರು ಒಬ್ಬರು ಬೇಕು. "ಮಂದಿ ಕರಕೊಂಡು ಬಾ. ಸುದ್ದಿ ಪೇಜಿನ ಕಂಪನಿಗಿ ನಾ ಬರೀತೀನಿ" ಅಂದ್ರು. ಬರದ್ರು. ಆ ವಿಡಿಯೋ ತಗದ್ರು. ಅದೇ ವಿಡಿಯೋ ಮತ್ತೊಂದು ಪೇಜಿನಾಗ ಬಂತು. ಅದಕ್ಕೂ ಬರದ್ರು.

ನಾ ಮಂದಿ ಕರೀಲಿಕ್ಕೆ ಹೋದೆ.

ಮೊದಲ ಲೈಟಿನವನ ಹತ್ರ. ನನ್ನ ನೋಡಿದವನೇ ಕೈ ಮುಗದ. "ಬ್ಯಾಡೋ ಯಪ್ಪಾ. ಸ್ಕ್ರೀನ್ ಫೋಟೋ ನಾನೇ ಕೊಟ್ಟಿದ್ದು ಅಂತ ಆ ಮಾಲಕಗ ಗೊತ್ತಾಗಿ ಗ್ರೂಪಿನಾಗಿಂದ ಹೊರಗ ಹಾಕ್ಯಾರ. ಸಿಟ್ಟಿಗೆದ್ದು ನಾನೂ ಎಲ್ಲಾ ಅಳಿಸೀನಿ. ಕಾಲೋನಿಯಾಗ ಈಗ ಒಂದು ಬಲ್ಬ್ ಹಾಕಾಕೂ ನನ್ನ ಕರಿವಲ್ರು. ನೀ ಇಲ್ಲಿ ನಿಂತಿದ್ದು ಯಾರರ ನೋಡಿದ್ರ ಇದ್ದದ್ದೂ ಹೋಗ್ತದ. ನಡಿ."

ಅಲ್ಲಿಂದ ಚಿತ್ತಾಪುರದ ಅಕ್ಕೋರ ಮನಿಗಿ ಹೋದೆ. ಬಾಗಲದಿಂದ್ಲೇ ಕಾಣ್ತಿತ್ತು, ಅರ್ಧ ಬಿಟ್ಟ ನೆಲ ಬ್ಯಾರೇ ಯಾರೋ ಮುಗಿಸಿದ್ರು. ಅಂಚಿಗೆಲ್ಲಾ ಗೀರು ಬಿಟ್ಟಿದ್ರು, ನಾ ಆಗಿದ್ರ ಬಿಡ್ತಿದ್ದಿಲ್ಲ. ಅಕ್ಕೋರು ನೀರು ಕೊಟ್ರು. ಒಳಗ ಕರೀಲಿಲ್ಲ, ಕಟ್ಟಿ ಮ್ಯಾಲೇ ಕೊಟ್ರು.

"ಝುಮಕಿ ಸಿಕ್ಕಾವ ಅಂತಿ?"

"ಹೌದ್ರಿ ಅಕ್ಕೋರೇ."

"ಪಾಪ," ಅಂದ್ರು. ಖರೇನೇ ಅಂದ್ರು. "ಆದ್ರ ತಮ್ಮಾ, ಹೆಣ್ಮಕ್ಕಳು ಕೋರ್ಟಿಗಿ ಹೋಗಿ ನಿಂದ್ರೋದು ನಮ್ಮ ಮನ್ಯಾಗ ಒಪ್ಪಂಗಿಲ್ಲ. ನನ್ನ ಹೆಸರು ಎಲ್ಲೂ ತರಬ್ಯಾಡ."

"ನನ್ನ ಹೆಸರು ಎಲ್ಲಾ ಕಡಿ ಬಂದದಲ್ರಿ," ಅಂದೆ.

ಅವರು ಗ್ಲಾಸ್ ತಗೊಂಡು ಒಳಗ ಹೋದ್ರು.

ಉಳದವ್ರು ಮೇಸ್ತ್ರಿ. ಅವರ ಎದುರೇ ಆ ಮಾಲಕ ತಪ್ಪಾಯ್ತು ಅಂದಿದ್ದ. ಅವ್ರೊಬ್ಬರು ಬಂದು ಹೇಳಿದ್ರ ಸಾಕಿತ್ತು. ಶಹಾಬಾದದಾಗ ಅವರ ಮನಿಗಿ ಹೋದೆ. ಕಲ್ಲಿನ ಬಂಡಿ ಮ್ಯಾಲ ಕುಂತು ಬೀಡಿ ಸೇದಾಕತ್ತಿದ್ರು.

"ಕೋರ್ಟಿನಾಗ ಏನ್ ಹೇಳ್ಲಿ?" ಅಂದ್ರು. "ನಾ ಫೈಸಲಾ ಮಾಡಿದ್ದೆ, ಅದು ನಿಂದ್ರಲಿಲ್ಲ ಅಂತ ಹೇಳ್ಲಾ?"

"ನಿಂತಿಲ್ಲಲ್ರಿ ಕಾಕಾ."

"ಸಕ್ಕರಿ ತಿಂದೀ ನೀನು."

"ಅವ ಹಾಕ್ತೀನಿ ಅಂದ ಮಾತು ಹಾಕಿಲ್ಲ."

"ಅವಂದು ಅವನಿಗೆ. ನೀ ಮಾತು ಮೀರಬ್ಯಾಡ. ಮೀರಿದ್ರ ನಾಳಿ ನಿನ್ನ ಕೂಡ ಒಬ್ಬನೂ ಮಷಿನ್ ಹಿಡಿಯಂಗಿಲ್ಲ. ನಾ ಹೇಳ್ತೀನಿ ಅಂತಲ್ಲ, ರಿವಾಜೇ ಹಂಗದ." ಬೀಡಿ ಆರಿಸಿದ್ರು. ಆಮ್ಯಾಲ, "ಫೋನಿಂದು ನಮಗೇನ್ ಗೊತ್ತಿತ್ತಲೇ? ಚೀಟಿಯಂಗ ಹರದ್ರ ಹರೀತದ ಅಂತ ತಿಳಕೊಂಡಿದ್ವಿ" ಅಂದ್ರು.

ಅವರ ಮ್ಯಾಲ ಸಿಟ್ಟು ಮಾಡ್ಬೇಕಂದ್ರ ಆಗ್ಲಿಲ್ಲ. ಮಷಿನ್ ಹಿಡಿಯೋದು ಅವ್ರ ಕೈಯಾಗೇ ಕಲ್ತೀನಿ.

ವಕೀಲಮ್ಮಗ ಫೋನ್ ಮಾಡಿ ಯಾರೂ ಬರವಲ್ರು ಅಂದೆ. "ನಿನ್ನ ಫೈಲು ಇಟ್ಕೊಂಡಿರ್ತೀನಿ. ಭಾಳ ತಡ ಮಾಡಬ್ಯಾಡ, ಇದಕ್ಕೂ ಗಡುವು ಅದ. ಒಬ್ಬರು ಸಿಕ್ಕ ಕೂಡ್ಲೇ ಬಾ" ಅಂದ್ರು. ಎಲ್ಲಿಂದ ತರ್ಲಿ? ನಿನ್ನ ಜೋಡಿದಾರ ಸಾಕ್ಷಿ ಆಗಂಗಿಲ್ಲೇನು ಅಂತ ನೀವು ಕೇಳ್ತೀರಿ. ನನ್ನ ಜೋಡಿದಾರ ಬರ್ತೀನಿ ಅಂದ. ಅವನೂ ರಿವಾಜ್ ಮೀರಿದ್ರ ಅವನ ಕೈಗೂ ಯಾರೂ ಕೆಲಸ ಕೊಡಂಗಿಲ್ಲ. ಈಗ ನಾವಿಬ್ಬರೂ ತಿನ್ನಾಕತ್ತಿದ್ದು ಅವನ ಹೆಸರಿನ ಮ್ಯಾಲೇ. ನಾನೇ ಬ್ಯಾಡ ಅಂದೆ.

ಅದು ಹ್ಯಾಂಗಂದ್ರ, ಈಗ ಚಾವಿ ಅವ ಇಸ್ಕೋತಾನ. ಮಾತಾಡೋದು ಅವ, ಫೋಟೋ ಅವಂದು, ನಂಬರ್ ಅವಂದು. ಮನಿಯವರು ಚೀಲ ತಗೊಂಡು ಬಸ್ ಹತ್ತಿದ ಮ್ಯಾಲ ಅವ ನಂಗ ಮಿಸ್ ಕಾಲ್ ಕೊಡ್ತಾನ. ಅಲ್ಲಿತನ ನಾ ಸಂದಿಯಾಗ ನಿಂತಿರ್ತೀನಿ. ಹಿಂದಿನ ಬಾಗಲದಿಂದ ಒಳಗ ಹೋಗ್ತೀನಿ. ಮಾರಿಗಿ ಟವೆಲ್ ಕಟ್ಕೋತೀನಿ, ಯಾರರ ನೋಡಿದ್ರ ಧೂಳಿಗಿ ಕಟ್ಕೊಂಡಾನ ಅಂತ ತಿಳ್ಕೋಬೇಕು. ನೀರು ಹಾಕಿ ತಿಕ್ಕಾವನಿಗೆ ಎಲ್ಲಿ ಧೂಳು? ಮನಿಯವರು ಬರೋಕಿಂತ ಮೊದಲ ಹೊರಗ ಬೀಳ್ತೀನಿ. ಕಳ್ಳ ಅಲ್ಲದವ ನಾನು, ಕಳ್ಳನಂಗೇ ಹೊಕ್ಕು ಕಳ್ಳನಂಗೇ ಬರಾಕತ್ತೀನಿ.

ಮೊನ್ನಿ ವಾಡಿಯಾಗ ಒಂದು ಮನಿ. ಜೋಡಿದಾರ ನೀರಿನ ಪೈಪ್ ತರಾಕ ಹೋಗಿದ್ದ. ನಾ ಒಬ್ಬನೇ ನಡಮನ್ಯಾಗ ಮಷಿನ್ ಹಿಡದಿದ್ದೆ. ಸೆಕಿ ತಡೀಲಾರ್ದೆ ಟವೆಲ್ ಬಿಚ್ಚಿದ್ದೆ. ಮುಂದಿನ ಬಾಗಲ ತಗೀತು. ಮನಿ ಅಮ್ಮ ಏನೋ ಮರತು ಬಂದಿದ್ರು. ಮಷಿನ್ ಆರಿಸಿದೆ.

ಅವರು ನನ್ನ ಮಾರಿ ನೋಡಿದ್ರು. ಭಾಳ ಹೊತ್ತು ನೋಡಿದ್ರು. ಎಲ್ಲೋ ನೋಡೀನಲ್ಲಾ ಅನ್ನಂಗ. ಆಮ್ಯಾಲ ಗೊತ್ತಾಯ್ತು ಅವರಿಗೆ. ಗೊತ್ತಾಗಿದ್ದು ನಂಗೂ ಗೊತ್ತಾಯ್ತು.

"ಅಮ್ಮಾ," ಅಂದೆ. ಝುಮಕಿ ಸಿಕ್ಕಾವ್ರಿ, ಅದು ಸುಳ್ಳರಿ, ವಕೀಲರ್ನ ಕೇಳ್ರಿ, ಎಲ್ಲಾ ಹೇಳ್ಬೇಕಂತಿತ್ತು. ಎಲ್ಲಿಂದ ಸುರು ಮಾಡ್ಲಿ?

ಅವರು ರಾಡಿಯಾಗೇ ನಡದು, ಸಾಮಾನು ತುಂಬಿದ ಖೋಲಿ ಬಾಗಲ ತಗದು, ಒಂದು ಡಬ್ಬಿ, ಬಂಗಾರದ್ದೇ ಇರ್ಬೇಕು, ತಗೊಂಡು ಸೆರಗಿನಾಗ ಮುಚ್ಕೊಂಡ್ರು. ಹೊರಗ ಹೋದ್ರು. ಚಾವಿ ಕೇಳ್ಲಿಲ್ಲ. ನಾ ತಿಕ್ಕಿದ ನೆಲದ ಮ್ಯಾಲ ಅವರ ಹೆಜ್ಜಿ ಮೂಡಿದ್ದವು. ಮತ್ತ ಮಷಿನ್ ಚಾಲೂ ಮಾಡಿ ಅದನ್ನೂ ತಿಕ್ಕಿದೆ.

ಅಷ್ಟೇ. ಮುಂದ ಹೇಳಾಕ ನನ್ನ ಹತ್ರ ಏನೂ ಇಲ್ಲ.